ಹೌಸಿಂಗಿನ ಮೇಲೊಂದು ಬಿಳಿ ಗೆರೆ

5 ಮೇ 2018, ಶನಿವಾರ ರಾತ್ರಿ

ಮೈಲನ್ ಡ್ರ್ಯಾಗ್‌ವೇ ರೇಸ್ ಟ್ರ್ಯಾಕಿನಿಂದ ಈಗಷ್ಟೇ ಬಂದೆ. ನನ್ನ 1991ರ ಮಸ್ಟಾಂಗ್ ಕಾರಿಗೆ ಇವತ್ತು ಮೊದಲ ಸಲ ನೆಲ ಬಿಗಿಯಾಗಿ ಕಚ್ಚುವ ಡ್ರ್ಯಾಗ್ ರೇಡಿಯಲ್ ಟೈರು ಹಾಕಿ ಓಡಿಸಿದ್ದು. ಮೊದಲ ಅರವತ್ತು ಅಡಿಗೆ 1.84 ಸೆಕೆಂಡು! ಹೋದ ವರ್ಷ ಸಾದಾ ಟೈರಿನಲ್ಲಿ 2.1ಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ಮೂರನೇ ಓಟಕ್ಕೆ ಕ್ಲಚ್ ಬಿಟ್ಟ ಕ್ಷಣ ಹಿಂಭಾಗ ದಡದಡ ಕುಣಿದು, ಕೆಳಗಿನಿಂದ ಟಣ್ ಅಂತ ಸದ್ದು ಬಂತು. ಅಲ್ಲಿಗೇ ಸಾಕು ಮಾಡಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಸೀಟಿನಡಿ ಸಣ್ಣ ನಡುಕ.

6 ಮೇ, ಭಾನುವಾರ

ಗಾಡಿ ಎತ್ತಿ ಕೆಳಗೆ ನುಗ್ಗಿದೆ. ಚಳಿಗಾಲದಲ್ಲಿ ಹಿಂದಿನ ಆಕ್ಸಲ್ ಹೌಸಿಂಗಿನ ಬೀಡಿಗೂ ಅದಕ್ಕೆ ಸೇರುವ ಕೊಳವೆಗೂ ಅಡ್ಡಲಾಗಿ ಒಂದು ಬಿಳಿ ಗೆರೆ ಎಳೆದಿದ್ದೆ. ಬಲಗಡೆ ಆ ಗೆರೆ ತುಂಡಾಗಿದೆ. ಎರಡು ತುಂಡಿನ ನಡುವೆ ಮೂರು ಮಿಲಿಮೀಟರ್ ಅಂತರ. ಅಂದರೆ ಕೊಳವೆ ಬೀಡಿನೊಳಗೆ ಅಷ್ಟು ತಿರುಗಿದೆ.

ಈ 8.8 ಇಂಚಿನ ಹೌಸಿಂಗಿನ ನಡುಭಾಗ ಬೀಡು, ಎರಡು ಕಡೆಯ ಕೊಳವೆ ಉಕ್ಕು. ಕೊಳವೆಯನ್ನು ಒತ್ತಿ ಕೂರಿಸಿ, ಕೆಲವು ತೂತುಗಳಲ್ಲಿ ಮಾತ್ರ ಬೆಸುಗೆ ತುಂಬಿರುತ್ತಾರೆ. ಸಸ್ಪೆನ್ಷನ್ನಿನ ಮೇಲಿನ ಎರಡು ತೋಳು ಹಿಡಿದಿರುವುದು ಬೀಡನ್ನು, ಕೆಳಗಿನ ಎರಡು ತೋಳು ಹಿಡಿದಿರುವುದು ಕೊಳವೆಯನ್ನು. ಚಕ್ರ ಮುಂದಕ್ಕೆ ತಿರುಗಿದಾಗ ಹೌಸಿಂಗು ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವ ಬಲವೆಲ್ಲ ಬೀಡೂ ಕೊಳವೆಯೂ ಕೂಡುವ ಜಾಗ ದಾಟಿಯೇ ಹೋಗಬೇಕು.

ಎಂಜಿನ್ನಿನ ತಿರುಚುಬಲ 300 ಪೌಂಡ್-ಅಡಿ, ಮೊದಲ ಗೇರಿನ ಅನುಪಾತ 3.35, ಹಿಂದಿನ ಆಕ್ಸಲ್ಲಿನದು 2.73. ಗುಣಿಸಿದರೆ 2,700 ದಾಟುತ್ತದೆ. ಸಾದಾ ಟೈರು ಜಾರಿ ಇದನ್ನು ಬಿಟ್ಟುಕೊಡುತ್ತಿತ್ತು. ಮನೆಯ ಫ್ಯೂಸಿನ ಕೆಲಸ ಮಾಡುತ್ತಿತ್ತು. ಫ್ಯೂಸು ಕಿತ್ತವನು ನಾನೇ.

12 ಮೇ, ಶನಿವಾರ

ಅಪ್ಪನಿಗೆ ಫೋನ್ ಮಾಡಿದೆ. ಸಕಲೇಶಪುರದಲ್ಲಿ ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದವರು. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಆಕ್ಸಲ್ ಕಟ್ ಆದ ಲಾರಿಗಳ ಹತ್ತಿರ ಟಾರ್ಚು ಹಿಡಿದು ನಾನೂ ಹೋಗಿದ್ದೇನೆ.

“ಲೋಡಿಗೆ ಆಕ್ಸಲ್ ಕಟ್ ಆಗಲ್ಲ ಕಣೋ, ಏಟಿಗೆ ಆಗುತ್ತೆ. ಚಕ್ರ ಗುಂಡೀಲಿ ಸಿಕ್ಕಿರುತ್ತೆ, ಡ್ರೈವರ್ ರೇಸ್ ಕೊಟ್ಟು ಕ್ಲಚ್ ಬಿಡ್ತಾನೆ, ಅಷ್ಟೇ,” ಅಂದರು. ಹೋದ ಭಾನುವಾರದ ನನ್ನ ಲೆಕ್ಕಾಚಾರದಲ್ಲಿ ಇಲ್ಲದಿದ್ದದ್ದು ಇದೇ. 2,700 ಅನ್ನುವುದು ಸಮವಾಗಿ ಎಳೆಯುವಾಗಿನ ಸಂಖ್ಯೆ. ತಿರುಗುತ್ತಿರುವ ಫ್ಲೈವೀಲಿನ ಶಕ್ತಿ ಒಮ್ಮೆಗೇ ಬಂದು ಬಡಿದರೆ ಅದಕ್ಕೂ ಮೀರುತ್ತದೆ. ಹಿಂಭಾಗ ಕುಣಿದರೆ ಪ್ರತಿ ಕುಣಿತಕ್ಕೂ ಒಂದು ಏಟು.

ನನ್ನ ಗಾಡಿಯಲ್ಲಿ ಆಕ್ಸಲ್ ಷಾಫ್ಟನ್ನು ಒಳಗಡೆ ಹಿಡಿದಿರುವುದು ಸಿ ಆಕಾರದ ಒಂದು ಕ್ಲಿಪ್ಪು ಎಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾದರು. “ಅಂದ್ರೆ ಷಾಫ್ಟ್ ಕಟ್ ಆದ್ರೆ ಚಕ್ರಾನೇ ಈಚೆ ಬರುತ್ತೇನೋ?” ಹೌದು, ಬರುತ್ತದೆ. ಲಾರಿಯಲ್ಲಿ ಭಾರ ಹೊರುವುದು ಹಬ್ಬಿನ ಬೇರಿಂಗು. ಷಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ, ಮುರಿದರೂ ಚಕ್ರ ಜಾಗದಲ್ಲೇ ನಿಲ್ಲುತ್ತದೆ. ಇಲ್ಲಿ ಭಾರವೂ ತಿರುಚೂ ಒಂದೇ ಷಾಫ್ಟಿನ ಮೇಲೆ. ಕಾಲು ಮೈಲಿಯನ್ನು 10.99 ಸೆಕೆಂಡಿನಲ್ಲೋ ಅದಕ್ಕಿಂತ ಬೇಗನೋ ಮುಗಿಸುವ ಗಾಡಿಗೆ ಷಾಫ್ಟ್ ಹಿಡಿದಿಡುವ ಬೇರೆ ಏರ್ಪಾಡು ಕಡ್ಡಾಯ ಎಂದು ಡ್ರ್ಯಾಗ್ ರೇಸಿನ ಸಂಸ್ಥೆ ಎನ್‌ಎಚ್‌ಆರ್‌ಎಯ ನಿಯಮವಿರುವುದು ಇದಕ್ಕೇ. ನನ್ನದು 13 ಸೆಕೆಂಡಿನ ಗಾಡಿ. ಬೋಲ್ಟು ಹಾಕಿ ಕೂರಿಸುವ ಆ ಏರ್ಪಾಡಿನ ಕಿಟ್ಟು ದಿನಬಳಕೆಯಲ್ಲಿ, ತಿರುವುಗಳ ಒತ್ತಡಕ್ಕೆ ಎಣ್ಣೆ ಸೋರುವುದುಂಟು. ಕ್ಲಿಪ್ಪನ್ನೇ ಇಟ್ಟುಕೊಂಡು ಷಾಫ್ಟು ದಪ್ಪ ಮಾಡುತ್ತೇನೆ. 12 ಸೆಕೆಂಡಿನ ಒಳಗೆ ಹೋಗುವ ದಿನ ಬಂದರೆ ಕೊಳವೆಯ ತುದಿಗಳನ್ನೇ ಕತ್ತರಿಸಿ, ಒತ್ತಿ ಕೂರಿಸುವ ಬೇರಿಂಗಿನ ತುದಿ ಬೆಸೆಯಬೇಕು. ಅಪ್ಪನಿಗೆ ಮಾತು ಕೊಟ್ಟಿದ್ದೇನೆ.

26 ಮೇ

ಗುಜರಿ ಅಂಗಳದಲ್ಲಿ ಎಕ್ಸ್‌ಪ್ಲೋರರ್ ಗಾಡಿಯ ಡಿಫರೆನ್ಷಿಯಲ್ ಸಿಕ್ಕಿತು. ನನ್ನ ಹೌಸಿಂಗಿಗೇ ಕೂರುತ್ತದೆ. ನನ್ನದು 28 ಸ್ಪ್ಲೈನಿನ, ಅಂದರೆ ತುದಿಯಲ್ಲಿ 28 ಹಲ್ಲಿನ ಷಾಫ್ಟಿಗೆ, ಇದು 31ರದಕ್ಕೆ. ಷಾಫ್ಟಿನ ದಪ್ಪ ಹೆಚ್ಚುವುದು ಹತ್ತರಲ್ಲೊಂದು ಪಾಲಷ್ಟೇ. ಆದರೆ ತಿರುಚು ತಡೆಯುವ ಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ ಮೂರರಲ್ಲೊಂದು ಪಾಲು ಹೆಚ್ಚು. ಹೊಸ ಷಾಫ್ಟುಗಳಿಗೆ ಹಣ ಕಟ್ಟಿದೆ.

9 ಜೂನ್

ಬೆಸುಗೆಯ ದಿನ. ಊರಾಚೆಯ ವೆಲ್ಡರ್ ಒಬ್ಬರಿಗೆ ಬರಿಯ ಹೌಸಿಂಗನ್ನು ಒಯ್ದುಕೊಟ್ಟೆ. ಬೀಡನ್ನು ತಣ್ಣಗಿರುವಾಗ ಬೆಸೆದರೆ ಬಿರುಕು ಬಿಡುವ ಸಂಭವ ಹೆಚ್ಚು. ಅವರು ಬರ್ನರ್ ಹಿಡಿದು ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಒಂದೊಂದೇ ಇಂಚು ಹಾಕಿದರು. ಎಡಕ್ಕೆ ಒಂದು ಹೊಲಿಗೆ, ಬಲಕ್ಕೆ ಒಂದು, ಮೇಲೊಂದು, ಕೆಳಗೊಂದು. ಪ್ರತಿ ಹೊಲಿಗೆಯನ್ನೂ ಬಿಸಿಯಲ್ಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಆಮೇಲೆ ದಪ್ಪ ಕಂಬಳಿ ಹೊದಿಸಿ, “ನಾಳೆವರೆಗೂ ಮುಟ್ಟಬೇಡ” ಅಂದರು. ಇಷ್ಟು ತಾಳ್ಮೆಯ ಕೈ ನಾನು ನೋಡಿದ್ದು ಅಪ್ಪನದೊಂದೇ. ಬೆಸೆಯುವ ಮೊದಲು ತಿರುಗಿದ್ದ ಕೊಳವೆಯನ್ನು ಹಳೆಯ ಜಾಗಕ್ಕೆ ತಂದದ್ದೂ, ಕೊನೆಗೆ ಉದ್ದದ ಸರಳು ತೂರಿಸಿ ನೇರ ನೋಡಿದ್ದೂ ಅವರೇ.

16 ಜೂನ್

ಕ್ರೌನ್ ಪಿನಿಯನ್ ಹೊಸದು, 3.73 ಅನುಪಾತದ್ದು. ಬೆಳಿಗ್ಗೆ ಏಳಕ್ಕೆ ಕೂತವನು ಎದ್ದದ್ದು ಸಂಜೆ ಐದಕ್ಕೆ. ಪಿನಿಯನ್ ಹಿಂದಿನ ಷಿಮ್ಮು ನಾಲ್ಕು ಸಲ ಬದಲಾಯಿತು. ಹಲ್ಲಿಗೆ ಹಳದಿ ಪೇಸ್ಟು ಹಚ್ಚಿ ತಿರುಗಿಸಿದರೆ ಗುರುತು ಅಂಚಿಗೆ ಓಡುತ್ತಿತ್ತು. ನಾಲ್ಕನೇ ಸಲ ನಡುವಿಗೆ ಬಂತು. ಹಲ್ಲುಗಳ ನಡುವಿನ ಸಡಿಲ, ಬ್ಯಾಕ್‌ಲ್ಯಾಷ್, 0.010 ಇಂಚು, ಅಂದರೆ ಕಾಲು ಮಿಲಿಮೀಟರ್. ಅಪ್ಪ ಪ್ರಷ್ಯನ್ ಬ್ಲೂ ಹಚ್ಚಿ ಇದನ್ನೇ ನೋಡುತ್ತಿದ್ದರು, ಬ್ಯಾಕ್‌ಲ್ಯಾಷನ್ನು ಕೈಯಲ್ಲೇ ಅಲ್ಲಾಡಿಸಿ ಹೇಳುತ್ತಿದ್ದರು. ನನಗೆ ಡಯಲ್ ಗೇಜು ಬೇಕು.

ಹಿಂದಿನ ಮುಚ್ಚಳವೂ ದಪ್ಪದ್ದು. ಒಳಗಿನ ಬೇರಿಂಗ್ ಕ್ಯಾಪುಗಳನ್ನು ಅದರ ಎರಡು ಬೋಲ್ಟು ಹಿಂದಿನಿಂದ ಒತ್ತಿ ಹಿಡಿಯುತ್ತವೆ. ಏಟು ಬಿದ್ದಾಗ ಕ್ಯಾಪು ಬಾಗಿದರೆ ಕ್ರೌನು ಪಿನಿಯನ್ನಿನಿಂದ ದೂರ ಸರಿದು ಹಲ್ಲಿನ ತುದಿಗಳಷ್ಟೇ ಭಾರ ಹೊರಬೇಕಾಗುತ್ತದೆ. ಆ ಬೋಲ್ಟುಗಳನ್ನು ಮುಟ್ಟಿಸಿ ಚೂರೇ ಬಿಗಿ ಮಾಡಬೇಕು. ಮುಂದಿನ 500 ಮೈಲಿ ಆಫೀಸಿಗೆ ಮೆಲ್ಲಗೆ ಓಡಾಟ.

14 ಜುಲೈ, ಶನಿವಾರ ರಾತ್ರಿ

ನಾಲ್ಕು ಓಟ. 60 ಅಡಿಗೆ 1.74, ಕಾಲು ಮೈಲಿಗೆ 13.1. ಕ್ಲಚ್ಚನ್ನು ಒಮ್ಮೆಗೇ ಬಿಡದೆ ಅರೆಗಳಿಗೆ ಜಾರಿಸಿ ಬಿಟ್ಟೆ. ಕುಣಿತವೂ ಇಲ್ಲ, ಸದ್ದೂ ಇಲ್ಲ.

ಮನೆಗೆ ಬಂದವನೇ ಟಾರ್ಚು ಹಿಡಿದು ಕೆಳಗೆ ಮಲಗಿದೆ. ಹೌಸಿಂಗಿನ ಮೇಲಿನ ಹೊಸ ಗೆರೆ ಎರಡೂ ಕಡೆ ನೆಟ್ಟಗಿದೆ. ಎಡಗಡೆ, ಕೆಳಗಿನ ತೋಳು ಬಾಡಿಗೆ ಸೇರುವ ಪೆಟ್ಟಿಗೆಯ ಅಂಚಿನಲ್ಲಿ ಮಾತ್ರ ಪೇಂಟು ಕೂದಲಿನಷ್ಟು ಸೀಳಿದೆ. ಉಗುರಿನಿಂದ ಕೆರೆದು ನೋಡಿದೆ, ತಗಡು ಇನ್ನೂ ಗಟ್ಟಿ. ಬಿಳಿ ಪೇಂಟಿನ ಡಬ್ಬಿ ತಂದು ಅಲ್ಲೂ ಒಂದು ಗೆರೆ ಎಳೆದೆ.