ಅಕ್ಷರ ದೊಡ್ಡದಾದರೆ ಸಾಲದು

ನಲವತ್ತು ದಾಟಿದವರು ಓದಲು ಹಾಕಿಕೊಳ್ಳುವ ಕನ್ನಡಕಕ್ಕೆ ನಮ್ಮಲ್ಲಿ 'ಚಾಳೀಸು' ಎನ್ನುತ್ತಾರಲ್ಲ, ಅದು ನಮ್ಮ ಉರ್ದುವಿನ 'ಚಾಲೀಸ್', ಅಂದರೆ ನಲವತ್ತೇ. ಆ ವಯಸ್ಸಿಗೆ ಕಣ್ಣೊಳಗಿನ ಮಸೂರ ಮೊದಲಿನಂತೆ ಬಾಗುವುದಿಲ್ಲ, ಹತ್ತಿರದ ಅಕ್ಷರ ಮಸುಕಾಗತೊಡಗುತ್ತದೆ. ಸಹೋದರಿಯರೇ, ಓದುವುದನ್ನು ಸದ್ದಿಲ್ಲದೆ ಬಿಟ್ಟವರು ನಿಮ್ಮ ಮನೆಯಲ್ಲೂ ಇರಬಹುದು. ನಮ್ಮ ಅಮ್ಮಿ ಬಿಟ್ಟಿದ್ದರು. ಕೇಳಿದರೆ, "ನಾನು ಓದಿದ್ದು ಸಾಕು, ಇನ್ನು ಮೊಮ್ಮಕ್ಕಳು ಓದಲಿ" ಎನ್ನುತ್ತಿದ್ದರು. ಅಕ್ಷರ ಕಾಣುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದವರಲ್ಲ.

ಇಂಥವರನ್ನು ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿ. ಪೊರೆಯೋ, ಸಕ್ಕರೆ ಕಾಯಿಲೆಯಿಂದಾದ ತೊಂದರೆಯೋ ಇದ್ದರೆ ಅಕ್ಷರ ಹಿಗ್ಗಿಸಿ ಅದನ್ನು ಮುಚ್ಚಿಟ್ಟಂತಾಗುತ್ತದೆ. ಸಕ್ಕರೆ ಕಾಯಿಲೆಯವರಂತೂ ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಮ್ಮಿಗೆ ಕನ್ನಡಕದ ನಂಬರು ಬದಲಾಗಿತ್ತು, ಅಷ್ಟೇ. ಆದರೂ ಸಣ್ಣ ಅಚ್ಚಿನ ಪುಸ್ತಕ ಆಯಾಸವೇ. ಹಾಗಾಗಿ ಅವರ ಕೈಗೆ ಟ್ಯಾಬ್ ಕೊಟ್ಟೆ.

ಇಲ್ಲಿ ಒಂದು ವಿಷಯ ಗಮನಿಸಿ. ಇಂಗ್ಲಿಷಿಗೆ ಹೊಂದುವ ಏರ್ಪಾಡು ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಎರಡು ಒತ್ತುಗಳಿವೆ. ಸಾಲುಗಳು ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ, ಎಷ್ಟು ಹಿಗ್ಗಿಸಿದರೂ ಗೋಜಲೇ. ಮೊದಲು ಸಾಲುಗಳ ನಡುವಿನ ಜಾಗ ಹೆಚ್ಚಿಸಿ, ಆಮೇಲೆ ಅಕ್ಷರ. ಎರಡೂ ಅಂಚು ಸಮವಾಗಿರುವ ಜೋಡಣೆಯನ್ನೂ ತೆಗೆದುಬಿಡಿ. ಕನ್ನಡದ ಪದಗಳು ಉದ್ದ. ಅಕ್ಷರ ದೊಡ್ಡದಾದಾಗ ಸಾಲಿಗೆ ಮೂರೋ ನಾಲ್ಕೋ ಪದ ಹಿಡಿದು, ನಡುವೆ ಹಲ್ಲುದುರಿದ ಬಾಯಿಯಂತೆ ಸಂದು ಬೀಳುತ್ತದೆ. ಎಡಕ್ಕೆ ಸಮವಿದ್ದರೆ ಸಾಕು.

ಅಕ್ಷರಶೈಲಿಯಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಉಚಿತವಾಗಿ ಸಿಗುವ ನೋಟೊ ಸೆರಿಫ್ ಕನ್ನಡ ಅಚ್ಚಿನ ಪುಸ್ತಕದಂತೆ ಇರುವುದರಿಂದ ನನಗಿಷ್ಟ. ಅದರ ತೆಳು ಗೆರೆಗಳು ಅಮ್ಮಿಗೆ ಕಾಣಿಸವು. ಅವರಿಗೆ ನೋಟೊ ಸಾನ್ಸ್ ಕನ್ನಡವೇ ಆಗಬೇಕು, ಅದೂ ಒಂದು ಹಂತ ದಪ್ಪಗೆ. ಅವರ ಕಣ್ಣು, ಅವರ ಆಯ್ಕೆ.

ಉರ್ದುವಿನದು ಇನ್ನೊಂದು ಕಥೆ. ನಸ್ತಾಲೀಕ್‌ನಲ್ಲಿ ಪ್ರತಿ ಪದವೂ ಮೇಲಿನಿಂದ ಎಡಕ್ಕೆ ಇಳಿಜಾರಾಗಿ ಸಾಗುವುದರಿಂದ ಅದಕ್ಕೆ ಕನ್ನಡಕ್ಕಿಂತಲೂ ಹೆಚ್ಚು ಜಾಗ ಬೇಕು. ಅನೇಕ ಸಾಧನಗಳು ಉರ್ದುವನ್ನು ನಸ್ಖ್ ಶೈಲಿಯಲ್ಲಿ ತೋರಿಸುತ್ತವೆ. ನಸ್ತಾಲೀಕ್ ಓದಿಯೇ ಬೆಳೆದ ಅಮ್ಮಿ ಅದನ್ನು ನೋಡಿ, "ಇದು ಅರಬ್ಬಿಯೋ ಉರ್ದುವೋ?" ಎಂದು ಮುಖ ತಿರುಗಿಸಿದರು. ನೋಟೊ ನಸ್ತಾಲೀಕ್ ಉರ್ದು ಹಾಕಿಕೊಟ್ಟ ಮೇಲೆಯೇ ಸಮಾಧಾನ.

ಪುಸ್ತಕ ಕೊಳ್ಳುವಾಗ ಇಪಬ್ ರೂಪದ್ದನ್ನೇ ಕೊಳ್ಳಿ. ಪುಟಗಳ ಫೋಟೊ ತೆಗೆದು ಮಾಡಿದ ಪಿಡಿಎಫ್‌ಗಳಲ್ಲಿ ಅಕ್ಷರ ಬದಲಾಗುವುದಿಲ್ಲ, ಹಿಗ್ಗಿಸಿದರೆ ಪುಟವನ್ನು ಅತ್ತಿತ್ತ ಎಳೆದಾಡಬೇಕು. ಟ್ಯಾಬನ್ನು ಅಡ್ಡಲಾಗಿ ಹಿಡಿದರೆ ಸ್ವಲ್ಪ ಅನುಕೂಲ.

ರಾತ್ರಿ ಅಮ್ಮಿ ಬೆಳಕು ತಗ್ಗಿಸಿ, ಹಿನ್ನೆಲೆಯನ್ನು ಹಳೇ ಕಾಗದದ ಬಣ್ಣಕ್ಕೆ ಇಟ್ಟುಕೊಳ್ಳುತ್ತಾರೆ. ಈಗ ಅವರ ದೂರು ಒಂದೇ: ಅದೇ ಟ್ಯಾಬಿನಲ್ಲಿ ಓದುವ ಮೊಮ್ಮಗ ಅಕ್ಷರವನ್ನೆಲ್ಲ ಇರುವೆಯಷ್ಟು ಮಾಡಿಟ್ಟು ಹೋಗುತ್ತಾನಂತೆ.