ಬಿಸಲಿನ ಹ್ಯಾಟ್: ನಿಂತು ನೋಡಬ್ಯಾಡ್ರಿ, ಬಗ್ಗಿ ನೋಡ್ರಿ



ಈ ಸಲ ಗೊಬ್ಬರದ ಸುದ್ದಿ ಅಲ್ಲ, ರೋಗದ ಸುದ್ದಿ ಅಲ್ಲ. ಬಿಸಲಿನಾಗ ತಲಿ ಮ್ಯಾಲ ಏನ ಹಾಕ್ಕೋಬೇಕು ಅನ್ನೋದರ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಮೋಟಾರಿನ ಸ್ಟಾರ್ಟರಿಗೆ ಬಿಸಲು ಬಡಿಬಾರದು ಅಂತ ಪತ್ರಾಸ ಹೊದಸ್ತೀವಿ, ದನಕ್ಕ ಚಪ್ಪರ ಹಾಕ್ತೀವಿ, ಟ್ರ್ಯಾಕ್ಟರಿಗೆ ಹುಡ್ ಕೂಡಸ್ತೀವಿ. ದಿನಾ ಆರು ತಾಸು ಬಗ್ಗಿ ಕಸಾ ತಗಿಯೋರ ತಲಿ ಮ್ಯಾಲ ಮಾತ್ರ ಒಂದು ಹಳೇ ಟಾವೆಲ್, ಇಲ್ಲಂದ್ರ ಸೀರಿ ಸೆರಗು. ಅದಕ್ಕ ಬರಿಯಾಕತ್ತೀನಿ.

ನಮ್ಮ ತೇರದಾಳ, ರಬಕವಿ, ಜಮಖಂಡಿ ಕಡೆ ಏಪ್ರಿಲ್ ಮೇ ಬಂತಂದ್ರ 40 ಡಿಗ್ರಿ ಅನ್ನೋದು ಹೊಸಾ ಮಾತಲ್ಲ. ಆದ್ರ ಆ 40 ಅನ್ನೋದು ನೆರಳಿನ ಲೆಕ್ಕ. ಹವಾಮಾನ ಇಲಾಖೆಯವರು ಗಾಳಿ ಆಡೋ ಬಿಳೇ ಪೆಟ್ಟಿಗಿ ಒಳಗ ಥರ್ಮಾಮೀಟರ್ ಇಟ್ಟು ಅಳೀತಾರ. ಬಟಾ ಬಯಲಾಗ, ಕಾದ ಎರಿ ಮಣ್ಣಿನ ಮ್ಯಾಲ ಕುಂತವರಿಗೆ ಬಡಿಯೋ ಕಾವು ಅದಕ್ಕಿಂತ ಭಾಳ ಜಾಸ್ತಿ. ಇನ್ನೊಂದು ಮಾತು ನೋಡ್ರಿ. ಮೇ ಮೊದಲನೇ ವಾರದಾಗ ನಮ್ಮ ಭಾಗದಾಗ ಸೂರ್ಯ ನಡು ಮಧ್ಯಾಹ್ನ ಸರಿಯಾಗಿ ನೆತ್ತಿ ಮ್ಯಾಲ ಬರ್ತಾನ. ಒಂದು ಕೋಲು ನೆಟ್ಟಗ ನಿಲ್ಲಿಸಿದ್ರ ಅದರ ನೆರಳು ಅದರ ಬುಡದಾಗ ಮುಗದು ಹೋಗ್ತೈತಿ. ಬೇಲಿ ನೆರಳಿಲ್ಲ, ಬದುವಿನ ನೆರಳಿಲ್ಲ. ಆ ಹೊತ್ತಿನಾಗ ಹೊಲದ ನಡುವ ಇದ್ದವರಿಗೆ ಸಿಗೋ ನೆರಳು ಒಂದೇ, ತಲಿ ಮ್ಯಾಲ ತಾವ ಹೊತ್ತುಕೊಂಡಿದ್ದು.

ಸರ್ಕಾರಕ್ಕೂ ಈ ಬಿಸಲು ಗೊತ್ತೈತಿ. 2025ರಾಗ ಕಲಬುರಗಿ ವಿಭಾಗದ ಜಿಲ್ಲೆಗಳ ಜೊತಿಗೆ ನಮ್ಮ ಬಾಗಲಕೋಟೆ, ವಿಜಯಪುರಕ್ಕೂ ಏಪ್ರಿಲ್ ಮೇ ತಿಂಗಳಾಗ ಸರ್ಕಾರಿ ಕಚೇರಿ ಮುಂಜಾನೆ 8ರಿಂದ ಮಧ್ಯಾಹ್ನ 1:30ರ ತನಕ ಅಂತ ಮಾಡಿದ್ರು. ಛಲೋ ಕೆಲಸ. ಫ್ಯಾನಿನ ಕೆಳಗ ಕುಂತವರಿಗೇ ಬಿಸಲು ತಡಿಯಂಗಿಲ್ಲ ಅಂದಮ್ಯಾಲ ಉಳ್ಳಾಗಡ್ಡಿ ಮಡಿಯಾಗ ಕುಂತವರ ಲೆಕ್ಕ ನಾವ ಹಾಕಬೇಕು. ಅವರಿಗೆ ಸುತ್ತೋಲೆ ಹೊರಡಸೋರು ಯಾರೂ ಇಲ್ಲ.

ಹೋದ ವರ್ಷ ಏಪ್ರಿಲ್‌ದಾಗ ನಮ್ಮ ಕಬ್ಬಿನ ಹೊಲದಾಗ ಕಸಾ ತಗಿಯಾಕ ಎಂಟು ಮಂದಿ ಹೆಣಮಕ್ಕಳು ಬಂದಿದ್ರು. ಹನ್ನೊಂದೂವರಿ ಸುಮಾರಿಗೆ ಎಲ್ಲಾರಕಿಂತ ಹಿರೇರು ಒಬ್ಬರು ಕುಂತಲ್ಲೇ ವಾಲಿದ್ರು. ಚಕ್ಕರ್ ಬಂತು ಅಂದ್ರು, ಮಾತು ತೊದಲತಿತ್ತು. ಬೇವಿನ ಗಿಡದ ಕೆಳಗ ಮಲಗಿಸಿ, ಬಾವಿ ನೀರು ಮೈ ಮ್ಯಾಲ ಸುರದು, ಟಾವೆಲ್ ಬೀಸಿ, ಗಾಡಿ ಮಾಡಿ ದವಾಖಾನೆಗೆ ಒಯ್ದ್ವಿ. ಸಂಜಿ ಮುಂದ ಹುಷಾರಾದ್ರು. ನಾಲ್ಕು ದಿನ ಬಿಟ್ಟು ಮತ್ತ ಕೆಲಸಕ್ಕ ಬಂದ್ರು. "ಅವ್ವಾ, ಇನ್ನೊಂದು ವಾರ ಮನಿಯಾಗ ಇರ್ರಿ" ಅಂದ್ರ, "ಮನಿಯಾಗ ಕುಂತ್ರ ಪಗಾರ ಯಾರ ಕೊಡ್ತಾರ ತಮ್ಮಾ" ಅಂದ್ರು. ಅಂದಿನಿಂದ ನಾನು ಮಂದಿ ತಲಿ ನೋಡಾಕ ಶುರು ಮಾಡಿದೆ. ಯಾರು ಏನ ಹಾಕ್ಕೊಂಡಾರ, ನೆರಳು ಎಲ್ಲಿ ಬೀಳ್ತೈತಿ, ಎಲ್ಲಿ ಬೀಳಂಗಿಲ್ಲ ಅಂತ.

ನಮ್ಮ ಹಿರೇರ ರುಮಾಲು ಮೊದಲು ಹೇಳ್ತೀನಿ. ಅದನ್ನ ಕಡಿಮಿ ಅನ್ನಾಂಗಿಲ್ಲ. ಹೊರಿ ಹೊರುವಾಗ ಸಿಂಬಿ ಆಗ್ತೈತಿ, ಬೆವರು ಒರಸ್ತೈತಿ, ಬುತ್ತಿ ಕಟ್ಟಾಕ ಬರ್ತೈತಿ, ಮಲಗಿದ್ರ ತಲಿಗೆ ದಿಂಬು. ಹ್ಯಾಟ್ ಇದರಾಗ ಒಂದೂ ಮಾಡಂಗಿಲ್ಲ. ಸುರುಳಿ ಸುರುಳಿ ಸುತ್ತಿದ ಅರಿವಿ ನೆತ್ತಿಗೆ ಕಾವು ಇಳಿಯಾಕ ಬಿಡಂಗಿಲ್ಲ. ಆದ್ರ ಅದು ಕಾಯೋದು ನೆತ್ತಿ ಒಂದನ್ನ. ಕಣ್ಣಿಗೆ, ಮೂಗಿಗೆ, ಹಿಂದಿನ ಕುತ್ತಿಗಿಗೆ ನೆರಳಿಲ್ಲ. ಗಾಂಧಿ ಟೋಪಿ ಇನ್ನೂ ತೆಳು, ಅದಕ್ಕ ಅಂಚೇ ಇಲ್ಲ. ಬೀಜದ ಕಂಪನಿಯವರು ಪುಕ್ಕಟೆ ಕೊಡೋ ಕ್ಯಾಪಿಗೆ ಮುಂದ ಮಾತ್ರ ಒಂದು ನಾಲಿಗಿ ಇರ್ತೈತಿ. ಅದು ನಿಂತವರಿಗೆ, ಗಾಡಿ ಹೊಡಿಯೋರಿಗೆ ಆದೀತು. ಬಗ್ಗಿದವರಿಗೆ ಕಿವಿ, ಕುತ್ತಿಗಿ ಎರಡೂ ಬಯಲು.

ಇಲ್ಲೇ ಐತಿ ನೋಡ್ರಿ ಅಸಲಿ ಮಾತು. ನಾವು ಹ್ಯಾಟ್ ತಗೋಳೋದು ಸಂತಿಯಾಗ ನಿಂತು, ಕನ್ನಡಿ ನೋಡಿ. ಕೆಲಸ ಮಾಡೋದು ಬಗ್ಗಿ, ಇಲ್ಲಾ ಕುಕ್ಕರಗಾಲಿಲೆ ಕುಂತು. ನಿಂತಾಗ ಬಿಸಲು ನೆತ್ತಿಗೆ ಬಡೀತೈತಿ, ಬಗ್ಗಿದಾಗ ಕುತ್ತಿಗಿಗೆ ಬಡೀತೈತಿ. ಅದಕ್ಕ ಅಂಗಡಿಯಾಗ ಹಾಕ್ಕೊಂಡು ಕಸಾ ತಗಿಯೋರಂಗ ಕುಂದ್ರ್ರಿ. ಅಂಗಡಿಯವ ನಕ್ರ ನಗವಲ್ಲನ್ಯಾಕ. ಕೆಳಗ ನೋಡ್ರಿ, ಮುಂದ ನೋಡ್ರಿ. ಕುಂತು ಮುಂದ ನೋಡಿದ ಕೂಡಲೇ ಹಿಂದಿನ ಅಂಚು ಬೆನ್ನಿಗೆ ತಾಗಿ ಹ್ಯಾಟ್ ಕಣ್ಣಿನ ಮ್ಯಾಲ ಜಾರಿದ್ರ ಅದು ಹೊಲದ ಹ್ಯಾಟ್ ಅಲ್ಲ. ಮುಂದಿನ ಅಂಚು ಗಟ್ಟಿ ಇರಬೇಕು, ಹಿಂದಿನದು ಮೆತ್ತಗ ಬಾಗಬೇಕು. ಅಂಗಡಿಯಾಗ ಹತ್ತು ಹ್ಯಾಟ್ ಇದ್ರ ಈ ಒಂದು ಪರೀಕ್ಷೆಗೆ ಏಳು ಬಿದ್ದು ಹೋಗ್ತಾವ.

ಇನ್ನ ಅಂಚು ಎಷ್ಟಗಲ ಅನ್ನೋದು. ಚರ್ಮದ ಕ್ಯಾನ್ಸರ್ ಜಾಸ್ತಿ ಇರೋ ಆಸ್ಟ್ರೇಲಿಯಾದಾಗ ದೊಡ್ಡವರ ಹ್ಯಾಟಿಗೆ ಸುತ್ತಲೂ ಕಮ್ಮಿ ಅಂದ್ರೂ 7.5 ಸೆಂಟಿಮೀಟರ್ ಅಂಚು ಇರಬೇಕು ಅಂತಾರ. ನಮ್ಮ ಲೆಕ್ಕದಾಗ 3 ಇಂಚು, ಅಂದ್ರ ನಾಲ್ಕು ಬೆರಳಗಲ. ಅದಕ್ಕಿಂತ ಸಣ್ಣದಾದ್ರ ಕಿವಿ ಸುಡ್ತಾವ. ಐದು ಇಂಚಿಗೆ ಹೋದ್ರ ಗಾಳಿಗೆ ಬಡೀತೈತಿ, ಪಕ್ಕದ ಸಾಲಿನವರ ತಲಿಗೆ ತಾಗ್ತೈತಿ. ನಾಲ್ಕು ಬೆರಳು ಸಾಕು.

ಅರಿವಿ ವಿಷಯ. ಹ್ಯಾಟ್ ಎತ್ತಿ ಬಿಸಲಿಗೆ ಹಿಡೀರಿ, ಒಳಗಿನಿಂದ ನೋಡ್ರಿ. ಜರಡಿಯಂಗ ಚುಕ್ಕಿ ಚುಕ್ಕಿ ಬೆಳಕು ಕಂಡ್ರ ಬಿಸಲೂ ಅಲ್ಲಿಂದನೇ ಇಳೀತೈತಿ. ಹುಲ್ಲಿನ ಹ್ಯಾಟ್ ಹಗುರ, ಗಾಳಿ ಆಡ್ತೈತಿ, ಆದ್ರ ಹೆಣಿಕಿ ಒತ್ತಾಗಿರಬೇಕು. ಪ್ಲಾಸ್ಟಿಕ್ ದಾರದ್ದು ಅಗ್ಗ, ಆದ್ರ ಬೆವರು ಹೀರಂಗಿಲ್ಲ, ಹಣಿ ಕೆರೀತೈತಿ. ಒತ್ತಾಗಿ ನೇಯ್ದ ಹತ್ತಿ ಅರಿವಿದ್ದು, ಪಕ್ಕಕ್ಕ ಗಾಳಿ ತೂತು ಇದ್ದದ್ದು ನನಗ ಬಾಳಿಕಿ ಬಂತು. ವಾರಕ್ಕೊಮ್ಮಿ ತೊಳಿಲಾಕ ಬರ್ತೈತಿ. ತೊಳಿಲಿಲ್ಲಂದ್ರ ಬೆವರಿನ ಉಪ್ಪು ಕಟ್ಟಿ ಪಟ್ಟಿ ಗಟ್ಟಿ ಆಗಿ ಹಣಿ ಕೊಯ್ತೈತಿ.

ಬಣ್ಣದಾಗೂ ಒಂದು ಗುಟ್ಟೈತಿ. ಮ್ಯಾಲಿನ ಬಣ್ಣ ತಿಳಿ ಇರಬೇಕು, ಕಾವು ಹೀರಬಾರದು. ಅಂಚಿನ ಕೆಳಗಿನ ಬಣ್ಣ ಮಾತ್ರ ದಟ್ಟ ಇರಬೇಕು, ಹಸರೋ ನೀಲಿಯೋ. ಯಾಕಂದ್ರ ಬಿಸಲು ಮ್ಯಾಲಿಂದ ಅಷ್ಟ ಬರಂಗಿಲ್ಲ. ಕುದಿಸಿದ ಅರಿಷಿಣ ಕಣದಾಗ ಹರವಿದಾಗ ಕಣ ಕುಕ್ಕೋದು ನಿಮಗೂ ಗೊತ್ತು. ಹರಿಸಿದ ನೀರಿನ ಮ್ಯಾಲಿಂದನೂ ಹಂಗ ಝಳ ಪುಟೀತೈತಿ. ಅಂಚಿನ ಕೆಳಗ ಬಿಳೇ ಬಣ್ಣ ಇದ್ರ ಆ ಬೆಳಕು ಅಲ್ಲಿ ಬಡದು ಮತ್ತ ಕಣ್ಣಿಗೇ ಬರ್ತೈತಿ. ಊರಾಗ ಎಷ್ಟೋ ಹಿರೇರ ಕಣ್ಣಿನಾಗ ಮೂಗಿನ ಕಡೆಯಿಂದ ಮಾಂಸ ಬೆಳದು ಕರಿ ಗುಡ್ಡಿ ತನಕ ಬಂದಿರ್ತೈತಿ. ವರ್ಷಾನುಗಟ್ಟಲೆ ಬಿಸಲು, ಧೂಳು, ಗಾಳಿಯಾಗ ದುಡಿಯೋರಿಗೆ ಅದು ಜಾಸ್ತಿ. ಹ್ಯಾಟ್ ಕಣ್ಣಿಗೂ ಬೇಕು ಅನ್ನೋದು ಅದಕ್ಕ.

ಅಳತಿ ಸಲೀಸು. ಟೇಲರ್ ಟೇಪು ಹಣಿ ನಡುವಿಂದ ಕಿವಿ ಮ್ಯಾಲ ಹಾಸಿ ಸುತ್ತಬೇಕು. ನಂದು 57 ಸೆಂಟಿಮೀಟರ್. ಹಾಕ್ಕೊಂಡಾಗ ಹಣಿಗೂ ಪಟ್ಟಿಗೂ ನಡುವ ಒಂದು ಬೆರಳು ಹೋಗಬೇಕು. ನೆತ್ತಿಗೂ ಹ್ಯಾಟಿಗೂ ನಡುವ ಒಂದಿಷ್ಟು ಖಾಲಿ ಜಾಗ ಇರಬೇಕು, ಆ ಖಾಲಿ ಜಾಗಾನೇ ತಂಪು. ಫಿಲಿಪೈನ್ಸ್ ರೈತರ ಹಳೇ ಟೋಪಿ ಒಳಗ ಒಂದು ಬಳಿ ಇರ್ತೈತಿ. ತಲಿ ಆ ಬಳಿಯಾಗ ಕೂಡ್ತೈತಿ, ಟೋಪಿ ಮ್ಯಾಲ ಛತ್ರಿಯಂಗ ನಿಲ್ತೈತಿ, ನಡುವ ಗಾಳಿ ಆಡ್ತೈತಿ. ನಮ್ಮ ಕರಾವಳಿ ಮಂದಿ ಅಡಿಕಿ ಹಾಳಿಲೆ ಮುಟ್ಟಾಳಿ ಮಾಡ್ತಾರ. ಎಲ್ಲಾ ಕಡೆ ರೈತ ತನ್ನ ಕೈಗೆ ಸಿಕ್ಕಿದ್ದರಾಗ ತಲಿಗೆ ದಾರಿ ಮಾಡ್ಕೊಂಡಾನ.

ಗದ್ದದ ಕೆಳಗ ದಾರ ಇರಲೇಬೇಕು. ದಾರ ಇಲ್ಲದ ಹ್ಯಾಟ್ ಆಷಾಢದ ಗಾಳಿಗೆ ಪಕ್ಕದವರ ಹೊಲದಾಗ ಇರ್ತೈತಿ.

ಈಗ ಹೆಣಮಕ್ಕಳ ಮಾತಿಗೆ ಬರ್ತೀನಿ, ಯಾಕಂದ್ರ ನಮ್ಮ ಹೊಲದಾಗ ಹೆಚ್ಚು ಹೊತ್ತು ಬಗ್ಗೋರು ಅವರೇ. ಹ್ಯಾಟ್ ಹಾಕ್ಕೊಳ್ಳೋದು ಬದುವಿನ ಮ್ಯಾಲ ನಿಂತ ನಾವು. ಆ ಘಟನೆ ಆದಮ್ಯಾಲ ಎರಡು ಹ್ಯಾಟ್ ತಂದು ಕೊಟ್ಟು, "ಹಾಕ್ಕೊಂಡು ನೋಡಿ ಹೇಳ್ರಿ, ಸರಿ ಅನಿಸಿದ್ರ ಎಲ್ಲಾರಿಗೂ ತರೋಣು" ಅಂದೆ. ಮೊದಲು ಎಲ್ಲಾರೂ ನಕ್ಕರು. "ಅಣ್ಣಾರ, ನಮ್ಮನ್ನೇನು ಸಿನಿಮಾಕ್ಕ ಕಳಸ್ತೀರೇನು?" ಅಂದ್ರು. ಮೂರನೇ ದಿನಕ್ಕ ಅಸಲಿ ತಕರಾರು ಹೊರಗ ಬಂತು. ತುರುಬು ಇದ್ದವರಿಗೆ ಹ್ಯಾಟ್ ಕೂಡಂಗಿಲ್ಲ, ಹಿಂದಿಂದ ಎತ್ತಿ ಮುಂದ ಜಾರ್ತೈತಿ. ಸೆರಗು ತಗದು ಹ್ಯಾಟ್ ಹಾಕ್ಕೋಬೇಕಂದ್ರ ಹಿರೇರ ಮುಂದ ಬರಿ ತಲಿಲೆ ಹೆಂಗ ಓಡಾಡೋದು? ಅದೂ ಖರೇನ.

ದಾರಿ ತೋರಿಸಿದವರು ಚಕ್ಕರ್ ಬಂದಿದ್ರಲ್ಲ, ಆ ಅವ್ವನೇ. "ಒಂದು ಕತ್ತರಿ ತರ್ರಿ" ಅಂದ್ರು. ಹ್ಯಾಟಿನ ಹಿಂದ ತುರುಬು ಬರೋ ಕಡೆ ಸೀಳಿ, ಎರಡೂ ಕಡೆ ದಾರ ಹಾಕಿ ಕಟ್ಟಾಂಗ ಮಾಡಿದ್ರು. ಸೆರಗು ತಲಿ ಮ್ಯಾಲ, ಅದರ ಮ್ಯಾಲ ಹ್ಯಾಟ್, ಗದ್ದದ ಕೆಳಗ ಗಂಟು. ಸೆರಗು ಹ್ಯಾಟಿನ ಒತ್ತಿಗೆ ಜಾರಂಗಿಲ್ಲ, ಅದನ್ನ ಹಲ್ಲಾಗ ಕಚ್ಚಿ ಹಿಡಿಯೋದು ತಪ್ತು. ಸೆರಗು ಕುತ್ತಿಗಿ ಮ್ಯಾಲ ಇಳಿಬಿದ್ದು ಅಲ್ಲಿಗೂ ಎರಡನೇ ನೆರಳಾತು. ಯಾವ ಅಂಗಡಿಯಾಗೂ ಇಂಥಾ ಹ್ಯಾಟ್ ಸಿಗಂಗಿಲ್ಲ. ಊರಿನ ಟೇಲರ್ ಕಡೆ ಒಯ್ದು ಸೀಳಿದ ಅಂಚಿಗೆ ಪಟ್ಟಿ ಹೊಲಿಸಿದ್ವಿ. ಹ್ಯಾಟಿಗೆ 150 ರೂಪಾಯಿ, ಹೊಲಿಗಿಗೆ 20. ಎಂಟು ಮಂದಿಗೆ 1,360 ರೂಪಾಯಿ ಆತು. ಒಂದು ಚೀಲ ಡಿಎಪಿ ರೊಕ್ಕ ಅಷ್ಟ. ಹೆಣಮಕ್ಕಳಿಗೆ ತರೋರು ನಿಮ್ಮ ಅಳತಿಗಿಂತ ಒಂದು ಸೈಜ್ ದೊಡ್ಡದು ತರ್ರಿ, ಸೆರಗು, ತುರುಬು ಎರಡೂ ಒಳಗ ಹಿಡಿಬೇಕು.

ಹ್ಯಾಟ್ ಬ್ಯಾಡಾದ ಕೆಲಸಾನೂ ಅದಾವ. ಎತ್ತರ ಬೆಳದ ಕಬ್ಬಿನಾಗ ರವದಿ ಬಿಚ್ಚುವಾಗ ಅಂಚು ಎಲಿಗೆ ಸಿಕ್ಕು ಎಳೀತೈತಿ. ಅಲ್ಲಿ ಮುಖಾ ಮುಚ್ಚಿ ಟಾವೆಲ್ ಸುತ್ತೋದೇ ಪಾಡು. ಹೊರಿ ಹೊರುವಾಗ ರುಮಾಲಿಗೆ ಸಮ ಇಲ್ಲ. ಗಾಡಿ ಮ್ಯಾಲ ಹೆಲ್ಮೆಟ್ ಹಾಕ್ರಿ. ಇನ್ನ ಔಷಧ ಹೊಡಿಯೋ ವಿಷಯ ನೆನಪಿಡ್ರಿ: ದ್ರಾಕ್ಷಿ, ದಾಳಿಂಬ್ರಿಗೆ ತಲಿ ಮಟ್ಟಕ್ಕ ಔಷಧ ಹೊಡಿಯುವಾಗ ಹತ್ತಿ ಹ್ಯಾಟ್, ರುಮಾಲು ಎರಡೂ ಬ್ಯಾಡ. ಅರಿವಿ ಔಷಧ ಕುಡೀತೈತಿ, ದಿನವಿಡೀ ಹಣಿಗೆ ಒತ್ತಿ ಹಿಡೀತೈತಿ. ಅದಕ್ಕ ನೀರು ಹೀರದ, ಒರಸಿ ತೊಳಿಯಾಕ ಬರೋ ಹ್ಯಾಟ್ ಬ್ಯಾರೆ ಇಡ್ರಿ. ಅದನ್ನ ಮನಿ ಒಳಗ ತರಬ್ಯಾಡ್ರಿ, ಹುಡುಗರ ಕೈಗೆ ಕೊಡಬ್ಯಾಡ್ರಿ.

"ಹ್ಯಾಟ್ ಅಂದ್ರ ಸಾಹೇಬರದು, ನಮಗ್ಯಾಕ" ಅನ್ನೋ ಕಾಕಾಗಳು ಅದಾರ. ಅವರಿಗೆ ನಾ ಹೇಳೋದು ಇಷ್ಟ. ಕಾಕಾ, ನಿಮ್ಮ ತಲಿ ಮ್ಯಾಲಿನ ಗಾಂಧಿ ಟೋಪಿನೂ ನೂರು ವರ್ಷದ ಹಿಂದ ಹೊಸಾದೇ. 1920ರ ಸುಮಾರಿಗೆ ಚಳವಳಿ ಜೊತಿಗೆ ಬಂದದ್ದು. ಈಗ ಅದಿಲ್ಲದ ಹಿರೇರ ತಲಿ ಬರಿದಾಗಿ ಕಾಣ್ತೈತಿ. ಮದುವಿಗೆ, ಜಾತ್ರಿಗೆ ರುಮಾಲು ಸುತ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಹೊಲದಾಗ ಮಾತ್ರ ಮರ್ಯಾದಿ ಕುತ್ತಿಗಿ ಸುಡದಂಗ ಕೆಲಸ ಮಾಡೋದರಾಗ ಐತಿ.

ಕಡೀಕ ಒಂದು ಎಚ್ಚರಿಕಿ. ಹ್ಯಾಟ್ ಹಾಕ್ಕೊಂಡೆ ಅಂತ ಧೈರ್ಯ ಮಾಡಿ ಒಂದರಿಂದ ಮೂರರ ತನಕ ಹೊಲದಾಗ ಇರಬ್ಯಾಡ್ರಿ. ಕೆಲಸ ಮುಂಜಾನೆ ಆರಕ್ಕ ಶುರು ಮಾಡ್ರಿ, ಹನ್ನೊಂದೂವರಿಗೆ ಬಿಡ್ರಿ. ನೀರು, ಮಜ್ಜಿಗಿ ಹೊಲದಾಗೇ ಇರಲಿ. ಚಳಿಗಾಲ ಕಳದು ಬಿಸಲಿಗೆ ಮೈ ಹೊಂದಾಕ ಒಂದೆರಡು ವಾರ ಬೇಕು, ಮೊದಲ ವಾರ ಕೆಲಸ ಕಮ್ಮಿ ಇಡ್ರಿ. ಯಾರಿಗಾದ್ರೂ ಮೈ ಬೆಂಕಿಯಂಗ ಕಾದು, ಮಾತು ತೊದಲಿ, ದಿಕ್ಕು ತಪ್ಪಿದಂಗ ಮಾಡಿದ್ರ ಅದು ಬರೀ ದಣಿವಲ್ಲ. ನೆರಳಿಗೆ ತರ್ರಿ, ಮೈಮ್ಯಾಲ ನೀರು ಸುರದು ಗಾಳಿ ಹಾಕ್ರಿ, 108ಕ್ಕ ಫೋನ್ ಮಾಡ್ರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬ್ಯಾಡ್ರಿ.

ಹೋಳಿ ಹುಣ್ಣಿಮಿ ಮುಗದ ಮ್ಯಾಲ ಹ್ಯಾಟಿನ ರೇಟ್ ಏರ್ತೈತಿ, ಅದಕ್ಕ ಈಗೇ ತರ್ರಿ. ನಿಮಗೊಂದು ತರೋಕ್ಕಿಂತ ಮೊದಲು ನಿಮ್ಮ ಹೊಲದಾಗ ಯಾರು ಹೆಚ್ಚು ಹೊತ್ತು ಬಗ್ಗತಾರ ನೋಡ್ರಿ. ಮೊದಲನೇ ಹ್ಯಾಟ್ ಅವರದು.