‘ತಾ’ ಎಂಬ ಒಂದಕ್ಷರ

ಕಳೆದ ಶ್ರಾವಣದಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿರುವ ನಮ್ಮ ಮೊಮ್ಮಗನೊಡನೆ ದೂರವಾಣಿಯಲ್ಲಿ ಮಾತನಾಡುತ್ತಿದ್ದೆವು. ‘ಹಸಿವಾಗಿದೆಯೇನಪ್ಪಾ?’ ಎಂದು ಕೇಳಲು ಬಾಲಕನು ‘ತಾ’ ಎಂದನು. ತಿನ್ನಲು ಏನನ್ನೋ ತರಹೇಳುತ್ತಿದ್ದಾನೆಂದು ಬಗೆದು, ‘ಅಷ್ಟು ದೂರಕ್ಕೆ ತರುವುದು ಹೇಗಪ್ಪಾ?’ ಎಂದೆವು. ಅವನು ಗೊಳ್ಳೆಂದು ನಕ್ಕನು. ಅದು ಅವನು ಶಾಲೆಯಲ್ಲಿ ಕಲಿಯುತ್ತಿರುವ ಐರಿಶ್ ಭಾಷೆಯ ಪದ, ಅರ್ಥ ‘ಇದೆ’.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಧಾತುಪಾಠವನ್ನು ಕಂಠಸ್ಥ ಮಾಡಿದ ನಮಗೆ ಅದರ ಮೂಲವನ್ನು ಅರಸದೆ ಸಮಾಧಾನವಾಗಲಿಲ್ಲ. ಪ್ರಾಚೀನ ಐರಿಶ್ ಸನ್ಯಾಸಿಗಳು ಲ್ಯಾಟಿನ್ ಗ್ರಂಥಗಳ ಅಂಚಿನಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಆಧರಿಸಿ, ಜರ್ಮನ್ ಪಂಡಿತ ತ್ಸೋಯ್ಸ್ 1853ರಲ್ಲಿ ಆ ಭಾಷಾಕುಲದ ವ್ಯಾಕರಣವನ್ನು ಪ್ರಕಟಿಸಿದರು. ‘ತಾ’ ಹಾಗೂ ಸಂಸ್ಕೃತದ ‘ಸ್ಥಾ’ ಧಾತು ಒಂದೇ ಮೂಲದವು, ನಿಲ್ಲುವುದೆಂಬುದೇ ಮೂಲಾರ್ಥ. ನಮ್ಮ ಸ್ಥಾನ, ಸ್ಥಿತಿ, ಸ್ಥಾವರಗಳೆಲ್ಲ ಅದರ ಬಂಧುಗಳು. ಭೂತಕಾಲದಲ್ಲಿ ‘ತಾ’ ಮರೆಯಾಗಿ ‘ವೀ’ ಬರುತ್ತದೆ. ಅದು ‘ಭೂ’ ಧಾತುವಿನ ಸೋದರ. ‘ಇವರು ಶಿಕ್ಷಕರು’ ಎಂದು ಗುರುತು ಹೇಳುವಾಗ ಬರುವ ‘ಇಸ್’ ಎಂಬುದು ‘ಅಸ್ತಿ’ಯ ಸಂಬಂಧಿ.

ವಂಶದಿಂದ ಸಂಸ್ಕೃತದ ನಂಟಾದರೂ ನಡೆಯಲ್ಲಿ ‘ತಾ’ ಕನ್ನಡಕ್ಕೆ ಹತ್ತಿರ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ, ಅವರದು ಮೊದಲಿಗೆ, ಭೇದ ಅಷ್ಟೆ. ಆ ಭಾಷೆಯಲ್ಲಿ ‘ಹೌದು’ ಎಂಬುದಕ್ಕೆ ಪ್ರತ್ಯೇಕ ಪದವಿಲ್ಲ. ‘ಇದೆಯೇ?’ ಎಂದು ಕೇಳಿದರೆ ‘ತಾ’ ಅಥವಾ ‘ನೀಲ್’ ಎನ್ನಬೇಕು, ನಮ್ಮ ‘ಇದೆ’, ‘ಇಲ್ಲ’ಗಳಂತೆ. ಒಡೆತನ ಹೇಳುವ ಕ್ರಿಯಾಪದವೂ ಇಲ್ಲ. ‘ತಾ ಬೋ ಅಗಮ್’ ಎಂದರೆ ‘ಇದೆ ಗೋವು ನನ್ನ ಬಳಿ’. ‘ಬೋ’ ಕೂಡ ‘ಗೋ’ ಶಬ್ದದ ಬಂಧುವೇ. ‘ತಾ ಬ್ರೋನ್ ಒರಮ್’ ಎಂದರೆ ‘ದುಃಖವು ನನ್ನ ಮೇಲಿದೆ’. ಕ್ಷಮೆ ಕೇಳುವಾಗಲೂ ಇದೇ ಮಾತು. ಐರಿಶ್ ಬಲ್ಲೆನೆನ್ನಲು ‘ತಾ ಗೇಲ್ಗೆ ಅಗಮ್’: ಐರಿಶ್ ನನ್ನ ಬಳಿಯಿದೆ.

ಬಳಿಯಿರುವುದು ದೂರ ಸರಿಯುವುದೂ ಉಂಟಲ್ಲವೇ? 1845ರಲ್ಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಅಸುನೀಗಿದರು. ಲಕ್ಷಾಂತರ ಮಂದಿ ದೇಶ ತೊರೆದರು. ಐರಿಶ್ ಆಡುತ್ತಿದ್ದ ಬಡವರ ಮನೆಗಳೇ ಹೆಚ್ಚಾಗಿ ಬರಿದಾದವು. ಉಳಿದವರಲ್ಲಿ ಅನೇಕ ತಾಯ್ತಂದೆಗಳು ಮಕ್ಕಳ ಹೊಟ್ಟೆಪಾಡಿಗೆಂದು ಇಂಗ್ಲಿಷನ್ನು ನೆಚ್ಚಿದರು. 1937ರ ಸಂವಿಧಾನವು ಐರಿಶನ್ನು ಪ್ರಥಮ ಅಧಿಕೃತ ಭಾಷೆಯೆಂದು ಸಾರಿತು. ಆದರೂ ಇಂದು ಅದನ್ನು ಶಾಲೆಯಲ್ಲಿ ಕಲಿತವರು ಬಹಳ, ಮನೆಯಲ್ಲಿ ನಿತ್ಯ ಆಡುವವರು ವಿರಳ.

ಇದನ್ನು ಓದುವಾಗ ನಮಗೆ ಮೊಮ್ಮಗನ ತಡವರಿಸುವ ಕನ್ನಡ ನೆನಪಾಯಿತು. ‘ಮಗುವಿಗೆ ಕನ್ನಡ ಬಾರದು’ ಎಂದು ಮಗ-ಸೊಸೆಯರನ್ನು ದೂರುತ್ತಿದ್ದೆವೇ ಹೊರತು, ಒಂದು ದಿನವೂ ನಾವು ಕುಳಿತು ಕಲಿಸಿದವರಲ್ಲ. ಈಗ ಪ್ರತಿ ಭಾನುವಾರ ಅವನಿಂದ ನಮಗೊಂದು ಐರಿಶ್ ಪದ, ನಮ್ಮಿಂದ ಅವನಿಗೆ ಕೆಲವು ಕನ್ನಡ ಪದಗಳು. ಮೊನ್ನೆ ಅವನಾಗಿಯೇ ಹೇಳಿದನು: ‘ಅಜ್ಜಾ, ತಾ ಕನ್ನಡ ಅಗಮ್.’

‘ಇದೆಯಪ್ಪಾ, ಇದೆ’ ಎಂದೆವು. ಮುಂದೆ ಮಾತು ಹೊರಡಲಿಲ್ಲ.